ಚಾಳೀಸಿನ ಕಣ್ಣು, ಗುಡಿಗಾರನ ಉಳಿ

ಅಂಗೈ ಅಗಲದ ಶ್ರೀಗಂಧದ ಹಲಗೆಯೊಂದರ ಮೇಲೆ ಇಡೀ ಒಂದು ಕಾಡು! ಬಳ್ಳಿಗೆ ಬಳ್ಳಿ ಹೆಣೆದುಕೊಂಡಿದೆ. ಬಳ್ಳಿಯ ಸಂದಿನಲ್ಲಿ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಹಣ್ಣು. ಕೆಳಗೆ ನಿಂತ ಆನೆಯ ಕಿವಿ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಆದರೂ ಆ ಕಿವಿಯ ಅಂಚಿನ ಮಡಿಕೆ ಬೆರಳಿಗೆ ತಗಲುತ್ತದೆ. ಇಂಥ ಪೆಟ್ಟಿಗೆಯನ್ನು ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇದಕ್ಕೆ ಎಷ್ಟು ದಿನ ಹಿಡಿಯಿತು ಎಂಬುದು. ಕೆತ್ತಿದವರ ವಯಸ್ಸೆಷ್ಟು, ಆ ವಯಸ್ಸಿನಲ್ಲಿ ಅವರಿಗೆ ಇಷ್ಟು ಚಿಕ್ಕದು ಕಾಣುವುದಾದರೂ ಹೇಗೆ ಎಂದು ಕೇಳುವವರು ವಿರಳ.

ಈ ಕೆತ್ತನೆ ಗುಡಿಗಾರರದು. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿಗಳಲ್ಲಿ ಮತ್ತು ಘಟ್ಟದ ಮೇಲೆ ಸಾಗರ, ಸೊರಬಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ಕುಶಲಕರ್ಮಿಗಳು ಇವರು. ಹೆಸರಿನಲ್ಲೇ ಗುಡಿ ಇದೆ. ಇವರ ಹಿರಿಯರು ಗೋವೆಯ ಕಡೆಯಿಂದ ಬಂದವರೆಂಬ ಐತಿಹ್ಯವನ್ನು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಬೃಹತ್ ಗ್ರಂಥ ದಾಖಲಿಸಿದೆ. ಅದರಲ್ಲಿ ಇವರ ಉಪಕರಣಗಳ ವಿವರವೂ ಇದೆ: ಒಂದು ಗರಗಸ, ಒಂದು ಉಜ್ಜುಗೊರಡು, ಒಂದು ಕೊಡತಿ, ಸಾಣೆಕಲ್ಲು, ಕೆಲವು ಉಳಿಗಳು, ತುಂಡು ಅಲುಗದಂತೆ ಹಿಡಿದಿಡುವ ಮರದ ಹಿಡಿಕೆ, ಕೊನೆಗೆ ಶಸ್ತ್ರವೈದ್ಯನ ಚೂರಿಯಷ್ಟು ನಾಜೂಕಾದ ಕೆಲವು ಸಣ್ಣ ಮೊನೆಗಳು. ನೂರು ವರ್ಷ ಕಳೆದರೂ ಈ ಪಟ್ಟಿಗೆ ಸೇರಿಸಬೇಕಾದುದು ಹೆಚ್ಚೇನಿಲ್ಲ. ಸೇರಿಸಲೇಬೇಕಾದ ಒಂದು ವಸ್ತುವಿದ್ದರೆ ಅದು ಕನ್ನಡಕ.

ಏಕೆಂದರೆ ಈ ಕಸುಬಿನಲ್ಲಿ ಒಂದು ವಿಚಿತ್ರವಾದ ಲೆಕ್ಕಾಚಾರವಿದೆ. ಹುಡುಗ ಹತ್ತು ಹನ್ನೆರಡರ ವಯಸ್ಸಿಗೆ ಉಳಿ ಹಿಡಿದರೆ ಮೊದಲ ಕೆಲವು ವರ್ಷ ಅಂಚುಪಟ್ಟಿ, ಎಲೆ, ಹೂವು. ಪ್ರಾಣಿಗಳು ಬಂದ ಮೇಲೆ ದೇವತಾಮೂರ್ತಿಗಳು. ಮುಖದ ಭಾವ ಕೈಗೆ ಹತ್ತುವ ಹೊತ್ತಿಗೆ ಯೌವನ ಕಳೆದಿರುತ್ತದೆ. ಕೈ ಪೂರ್ತಿ ಪಳಗಿ, ಉಳಿ ಹೇಳಿದಂತೆ ಕೇಳುವ ನಲವತ್ತು ನಲವತ್ತೈದರ ಸುಮಾರಿಗೆ ಸರಿಯಾಗಿ ಕಣ್ಣು ಕೈಕೊಡುತ್ತದೆ!

ನಲವತ್ತಕ್ಕೇ ಏಕೆ?

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಚೆಂದದ ಹೆಸರಿದೆ: ಚಾಳೀಸು. ಹಿಂದಿ-ಮರಾಠಿಗಳಲ್ಲಿ ನಲವತ್ತು ಎಂಬರ್ಥದ ಶಬ್ದವೇ ಕನ್ನಡದಲ್ಲಿ ಕಣ್ಣಿನ ತೊಂದರೆಯ ಹೆಸರಾಗಿ, ಆಮೇಲೆ ಅದಕ್ಕೆ ಹಾಕುವ ಕನ್ನಡಕದ ಹೆಸರೂ ಆಯಿತು. ಪಂಚಾಂಗ ನೋಡಲು ತೋಳನ್ನು ಉದ್ದಕ್ಕೆ ಚಾಚಿದ ಹಿರಿಯರನ್ನು ಕಂಡು "ಚಾಳೀಸು ಬಂತು" ಎಂದು ನಗುವುದುಂಟು. ಪಠ್ಯಪುಸ್ತಕದ ಪ್ರೆಸ್‌ಬಯೋಪಿಯಾ ಇದೇ.

ಕಣ್ಣಿನ ಮಸೂರ ಗಾಜಿನಂತೆ ಗಟ್ಟಿಯಾದುದಲ್ಲ. ದೂರ ನೋಡುವಾಗ ಅದು ತುಸು ಚಪ್ಪಟೆಯಾಗಿರುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಅದರ ಸುತ್ತಲಿನ ಸಿಲಿಯರಿ ಸ್ನಾಯು ಸಂಕುಚಿಸುತ್ತದೆ, ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲವಾಗುತ್ತವೆ, ಮಸೂರ ತನ್ನಷ್ಟಕ್ಕೆ ಉಬ್ಬಿಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆಯೇ ಇಂದಿಗೂ ನಮ್ಮ ಪಾಠ. ಆದರೆ ಮಸೂರ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಈರುಳ್ಳಿಯಂತೆ ಪದರದ ಮೇಲೆ ಪದರ ಸೇರಿ, ಒಳಗಿನದು ಗಟ್ಟಿಯಾಗುತ್ತ ಹೋಗುತ್ತದೆ. ಗಟ್ಟಿಯಾದ ಮೇಲೆ ಸ್ನಾಯು ಎಷ್ಟು ಪ್ರಯತ್ನಪಟ್ಟರೂ ಅದು ಉಬ್ಬದು. ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗಲಾಡಿಸುತ್ತೇವೆ ಎಂಬ ಜಾಹೀರಾತುಗಳನ್ನು ನಂಬುವವರು ಈ ಮಾತನ್ನು ನೆನಪಿಡಬೇಕು. ಸೊರಗಿದ ತೋಳಿಗೆ ವ್ಯಾಯಾಮದಿಂದ ಬಲ ಬಂದೀತು, ಒಣಗಿದ ಮಣ್ಣಿಗೆ ಮೆತುತನ ಬಾರದು.

ಹತ್ತು ವರ್ಷದ ಹುಡುಗಿ ಸುಮಾರು 7 ಸೆಂಟಿಮೀಟರ್ ಹತ್ತಿರದಲ್ಲಿರುವ ಸೂಜಿಯ ಕಣ್ಣನ್ನೂ ಸ್ಪಷ್ಟವಾಗಿ ನೋಡಬಲ್ಲಳು. ನಲವತ್ತರಲ್ಲಿ ಈ ಸಮೀಪ ಬಿಂದು ಸುಮಾರು 22 ರಿಂದ 25 ಸೆಂಟಿಮೀಟರಿಗೆ ಸರಿದಿರುತ್ತದೆ. ಐವತ್ತರ ಹೊತ್ತಿಗೆ ಅದು ಅರ್ಧ ಮೀಟರ್. ಅರವತ್ತರಲ್ಲಿ ಸುಮಾರು ಒಂದು ಮೀಟರ್, ಅಂದರೆ ಕೈ ಚಾಚಿದರೂ ಎಟುಕದಷ್ಟು ದೂರ. ಶ್ರೀಗಂಧ ಕೆತ್ತುವವನ ಕೆಲಸವಾದರೋ ಎದೆಯ ಹತ್ತಿರ, ಕಣ್ಣಿನಿಂದ 25 ರಿಂದ 30 ಸೆಂಟಿಮೀಟರ್ ಅಂತರದಲ್ಲಿ. ಕೆಲಸ ಅಲ್ಲೇ ಉಳಿಯಿತು. ಕಣ್ಣು ಹಿಂದೆ ಸರಿಯಿತು.

ಕಲ್ಲಿನವರ ಕಾಲ

ಕನ್ನಡಕವಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಕುಮಟಾ, ಹೊನ್ನಾವರಗಳಿಂದ ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಭಟ್ಕಳದವರೆಗೆ ಹೋದರೆ ಒಂದು ಸುಳಿವು ಸಿಗುತ್ತದೆ. ಮೂಡಭಟ್ಕಳದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಸ್ಥಾನವಿದೆ. ಅದರ ಹೊರಗೋಡೆಗಳ ಕಲ್ಲಿನಲ್ಲಿ ರಾಮಾಯಣದ ದೃಶ್ಯಗಳನ್ನು ಸಣ್ಣ ಸಣ್ಣ ಉಬ್ಬುಚಿತ್ರಗಳಾಗಿ ಬಿಡಿಸಿದ್ದಾರೆ. ನಮ್ಮ ಜಿಲ್ಲೆಯ ಊರೂರುಗಳಲ್ಲಿ ಗಿಡಗಂಟಿಗಳ ನಡುವೆ ನಿಂತಿರುವ ವೀರಗಲ್ಲುಗಳನ್ನೂ ನೋಡಬಹುದು. ಒಂದು ಮೊಳದ ಅಗಲದಲ್ಲಿ ಕುದುರೆ, ಬಿಲ್ಲಾಳು, ಬಿದ್ದ ಶತ್ರು, ಮೇಲಿನ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಇಡೀ ರಣರಂಗವೇ ಒಂದು ಹಲಗೆಯಲ್ಲಿ!

ಕಲ್ಲುಕುಟಿಗನಿಗೆ ಒಂದು ಅನುಕೂಲವಿತ್ತು. ಸುತ್ತಿಗೆ ಬೀಸಲು ಜಾಗ ಬೇಕು, ಕಲ್ಲಿನ ಚಕ್ಕೆ ಕಣ್ಣಿಗೆ ಹಾರದಂತೆ ಮುಖ ಹಿಂದಿಡಬೇಕು. ಹೀಗಾಗಿ ಅವನ ಕೆಲಸ ಅರ್ಧ ಮೀಟರಿಗೂ ಆಚೆ. ಐವತ್ತರ ಕಣ್ಣಿಗೂ ಅದು ಎಟುಕುವ ದೂರ. ಮರ, ದಂತಗಳ ಕುಸುರಿಯವನಿಗೆ ಆ ರಿಯಾಯಿತಿ ಇರಲಿಲ್ಲ.

ಓದುವ ಪಂಡಿತರಿಗೂ ಇದೇ ಪಾಡು. ಇಟಲಿಯಲ್ಲಿ 13ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಕನ್ನಡಕ ಭಾರತಕ್ಕೆ ಯಾವಾಗ ಬಂತು ಎಂಬುದನ್ನು ಹುಡುಕಿದವರು ಪುಣೆಯ ಸಂಶೋಧಕ ಪಿ.ಕೆ. ಗೋಡೆ. ಅವರಿಗೆ ಸಿಕ್ಕ ಬಹು ಹಳೆಯ ಉಲ್ಲೇಖ ಕರ್ನಾಟಕದ್ದೇ ಎಂಬುದು ಸ್ವಾರಸ್ಯ. ವಿಜಯನಗರದ ವ್ಯಾಸರಾಯರ ಚರಿತ್ರೆಯನ್ನು ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಅದರಲ್ಲಿ ಸುಮಾರು 1520ರ ಹೊತ್ತಿಗೆ ವ್ಯಾಸರಾಯರು ಕಣ್ಣಿಗೆ ಗಾಜು ಧರಿಸಿ ಗ್ರಂಥ ನೋಡುತ್ತಿದ್ದ ವರ್ಣನೆ ಇದೆಯೆಂದು ಗೋಡೆ ತೋರಿಸಿದರು. ಪೋರ್ಚುಗೀಸರು ಗೋವೆಯಲ್ಲಿ ತಳವೂರಿ ಆಗ ಹತ್ತು ವರ್ಷ. ಆದರೆ ರಾಜಗುರುವಿನ ಮೂಗಿನ ಮೇಲಿದ್ದುದು ಕೆತ್ತನೆಗಾರನ ಮೂಗಿಗೆ ಬರಲು ಶತಮಾನಗಳೇ ಬೇಕಾದವು.

ಪತ್ರಿಕೆಯ ಕನ್ನಡಕ ಕೆತ್ತನೆಗೆ ಸಾಲದು

ಈಗ ಕನ್ನಡಕ ಸಂತೆಯಲ್ಲೂ ಸಿಗುತ್ತದೆ. ಆದರೂ ಕುಸುರಿ ಕೆಲಸದ ಹಿರಿಯರು, "ಕನ್ನಡಕ ಹಾಕಿದರೂ ಅಷ್ಟಕ್ಕಷ್ಟೇ" ಎಂದು ಅದನ್ನು ಹಣೆಗೇರಿಸುವುದುಂಟು. ತಪ್ಪು ಅವರ ಕಣ್ಣಿನದಲ್ಲ. ಹತ್ತನೆಯ ತರಗತಿಯ ಗಣಿತ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಬಿಡಿಸಬಹುದು.

ಮಸೂರದ ಶಕ್ತಿ ಎಂದರೆ ಮೀಟರಿನಲ್ಲಿ ಹೇಳಿದ ಸಂಗಮದೂರದ ವ್ಯುತ್ಕ್ರಮ. ಅದರ ಮಾನ ಡಯಾಪ್ಟರ್. ದೂರದ ನೋಟ ಸರಿಯಿದ್ದವರು 40 ಸೆಂಟಿಮೀಟರ್ ದೂರದ ಪತ್ರಿಕೆಯನ್ನು ಓದಲು ಬೇಕಾದ ಶಕ್ತಿ 1 ಭಾಗಿಸು 0.40, ಅಂದರೆ 2.5 ಡಯಾಪ್ಟರ್. ಅದೇ 25 ಸೆಂಟಿಮೀಟರ್ ದೂರದ ಕೆತ್ತನೆಗೆ 1 ಭಾಗಿಸು 0.25, ಅಂದರೆ 4 ಡಯಾಪ್ಟರ್. ಐವತ್ತರ ಕೆತ್ತನೆಗಾರನ ಸಮೀಪ ಬಿಂದು ಅರ್ಧ ಮೀಟರ್ ಎಂದುಕೊಂಡರೆ ಅವನ ಕಣ್ಣಿನಲ್ಲಿ ಉಳಿದಿರುವ ಹೊಂದಾಣಿಕೆ 2 ಡಯಾಪ್ಟರ್. ಇದ್ದದ್ದನ್ನೆಲ್ಲ ಒಮ್ಮೆಗೇ ಖರ್ಚು ಮಾಡಿದರೆ ಅರ್ಧ ಗಂಟೆಯಲ್ಲಿ ಹಣೆ ಸಿಡಿಯುತ್ತದೆ. ದಿನವಿಡೀ ದುಡಿಯಬೇಕಾದರೆ ಅರ್ಧವನ್ನು ಕೈಕಾಪಿಗೆ ಇಟ್ಟುಕೊಳ್ಳಬೇಕೆಂಬುದು ಕಣ್ಣಿನ ತಜ್ಞರು ಪಾಲಿಸುವ ನಿಯಮ. ಹಾಗಾದರೆ ಬಳಸಬಹುದಾದದ್ದು 1 ಡಯಾಪ್ಟರ್ ಮಾತ್ರ. ಉಳಿದದ್ದನ್ನು ಗಾಜು ಕೊಡಬೇಕು. ಪತ್ರಿಕೆಗೆ ಒಂದೂವರೆ, ಕೆತ್ತನೆಗೆ ಮೂರು!

ಅಂದರೆ ಒಬ್ಬನೇ ಮನುಷ್ಯನಿಗೆ, ಒಂದೇ ವಯಸ್ಸಿನಲ್ಲಿ, ಎರಡು ಕನ್ನಡಕ ಬೇಕು. ಪರೀಕ್ಷೆ ಮಾಡುವ ಕಡೆ ಅಕ್ಷರದ ಚೀಟಿಯನ್ನು ಓದುವ ದೂರದಲ್ಲಿ ಹಿಡಿಸುತ್ತಾರೆ. ಅಕ್ಷರ ಕಂಡಿತು, ಕನ್ನಡಕ ಬಂತು. ಕಟ್ಟೆಯ ಮೇಲೆ ಕುಳಿತು ತುಂಡನ್ನು ಎದೆಗೆ ತಂದರೆ ಎಲ್ಲ ಮಬ್ಬು. ಆಗ ಕೆಲಸಗಾರ ತುಂಡನ್ನು 40 ಸೆಂಟಿಮೀಟರ್ ದೂರಕ್ಕೆ ಒಯ್ಯುತ್ತಾನೆ. ಮೊಣಕೈಗೆ ಆಧಾರ ತಪ್ಪುತ್ತದೆ, ಕೈ ನಡುಗುತ್ತದೆ. ಜನ ಅದನ್ನು ನೋಡಿ, ವಯಸ್ಸಾಯಿತು, ಕೈ ನಡುಗುತ್ತದೆ ಎನ್ನುತ್ತಾರೆ. ಎಷ್ಟೋ ಕೆಲಸಗಾರರ ನಿವೃತ್ತಿಗೆ ಕಾರಣ ಕೈಯಲ್ಲ, ಒಂದೂವರೆ ಡಯಾಪ್ಟರ್ ಎನ್ನಬೇಕಾಗುತ್ತದೆ.

ಮೂರು ಡಯಾಪ್ಟರಿನ ಕನ್ನಡಕಕ್ಕೆ ತನ್ನದೇ ಕಿರಿಕಿರಿಗಳಿವೆ. ಅದನ್ನು ಹಾಕಿದವನಿಗೆ 33 ಸೆಂಟಿಮೀಟರಿನಾಚೆ ಎಲ್ಲವೂ ಮಂಜು. ಬಾಗಿಲಿಗೆ ಬಂದ ಗಿರಾಕಿಯ ಮುಖ ತಿಳಿಯದು, ಗೋಡೆಯ ಗಡಿಯಾರ ಕಾಣದು. ಇದಕ್ಕೆ ಮೂಗಿನ ತುದಿಗೆ ಕೂರುವ ಅರ್ಧ ಕನ್ನಡಕವೇ ವಾಸಿ, ಮೇಲಿನಿಂದ ಲೋಕ, ಕೆಳಗಿನಿಂದ ಕೆಲಸ. ಇನ್ನು ರೆಡಿಮೇಡ್ ಕನ್ನಡಕಗಳಲ್ಲಿ ಎರಡು ಕಡೆಯೂ ಒಂದೇ ಶಕ್ತಿ. ಎರಡು ಕಣ್ಣುಗಳ ನಡುವೆ ವ್ಯತ್ಯಾಸವಿದ್ದವರಿಗೆ, ಗೆರೆಗಳು ಒಂದು ದಿಕ್ಕಿನಲ್ಲಿ ಮಾತ್ರ ಮಸುಕಾಗುವ ದೋಷವಿದ್ದವರಿಗೆ ಅವು ಹೊಂದುವುದಿಲ್ಲ.

ಒಂದು ತಮಾಷೆಯೂ ಇದೆ. ಶಾಲೆಯಲ್ಲಿ ಕಪ್ಪುಹಲಗೆ ಕಾಣದೆ ಮೈನಸ್ ನಾಲ್ಕರ ಕನ್ನಡಕ ಹಾಕಿಸಿಕೊಂಡು ಗೇಲಿಗೆ ಗುರಿಯಾದ ಹುಡುಗ ಐವತ್ತರಲ್ಲಿ ಅದೇ ಕನ್ನಡಕ ತೆಗೆದಿಟ್ಟರೆ ಸಾಕು, 25 ಸೆಂಟಿಮೀಟರಿನಲ್ಲಿ ಎಲ್ಲವೂ ನಿಚ್ಚಳ. ಕುಸುರಿ ಕಸುಬಿನಲ್ಲಿ ಮುಪ್ಪಿನ ಲಾಟರಿ ಹೊಡೆಯುವುದು ಇವನಿಗೇ.

ದೊಡ್ಡದು ಮಾಡಿ ತೋರಿಸುವ ಗಾಜು

ಹಾಗಾದರೆ ಭೂತಗನ್ನಡಿಯನ್ನೇ ಬಳಸಬಹುದಲ್ಲ? ಬಳಸಬಹುದು, ಮಿತಿ ತಿಳಿದು. 10 ಡಯಾಪ್ಟರಿನ ಗಾಜು ವಸ್ತುವನ್ನು ಸುಮಾರು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ವಸ್ತು ಗಾಜಿನಿಂದ 10 ಸೆಂಟಿಮೀಟರ್ ದೂರದಲ್ಲಿರಬೇಕು. ಆ ಸಂದಿಯಲ್ಲಿ ಉಳಿ ಆಡಬೇಕು, ಕೈ ಆಡಬೇಕು, ಬೆಳಕೂ ಬರಬೇಕು. ಮೇಲಾಗಿ ಗಾಜಿನ ಶಕ್ತಿ ಹೆಚ್ಚಿದಂತೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಹೂವಿನ ದಳ ಕಂಡರೆ ದಳದ ಕೆಳಗಿನ ತಳ ಕಾಣದು.

ಗಡಿಯಾರ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಕೆತ್ತನೆಗೆ ಒಗ್ಗುವುದಿಲ್ಲ. ಚಕ್ರದ ಹಲ್ಲು ಮುರಿದಿದೆಯೇ ಎಂದು ನೋಡಲು ಒಂದು ಕಣ್ಣು ಸಾಕು. ಉಳಿಯ ಮೊನೆ ಎಷ್ಟು ಆಳಕ್ಕಿಳಿಯಿತು ಎಂದು ಅಳೆಯಲು ಎರಡು ಕಣ್ಣುಗಳೂ ಬೇಕು. ಆಳದ ಅರಿವು ಹುಟ್ಟುವುದೇ ಎರಡು ಕಣ್ಣುಗಳು ಕಾಣುವ ಸಣ್ಣ ವ್ಯತ್ಯಾಸದಿಂದ. ಆದ್ದರಿಂದ ಹಣೆಗೆ ಪಟ್ಟಿಯಂತೆ ಕಟ್ಟಿಕೊಳ್ಳುವ ಜೋಡಿಗಾಜು ಉತ್ತಮ. ಒಂದೂಮುಕ್ಕಾಲು ಪಟ್ಟು ತೋರಿಸುವಂಥದು ಕೆಲಸಕ್ಕೆ ಹದವಾದುದು. ಅದಕ್ಕಿಂತ ಬಲವಾದದ್ದು ಮುಗಿದ ಕೆಲಸದ ತಪ್ಪು ಹುಡುಕಲು ಇರಲಿ.

ಈ ಪಾಡು ನಮ್ಮ ಕರಾವಳಿಯವರದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಸೀಸದ ಪುಟಾಣಿ ಸೈನಿಕರನ್ನಿಟ್ಟು ಕದನವಾಡುವ ಹವ್ಯಾಸವೊಂದಿದೆ. ಸಾಹಿತಿ ಎಚ್.ಜಿ. ವೆಲ್ಸ್ 1913ರಲ್ಲಿ ಅದಕ್ಕೆ ನಿಯಮಗಳ ಪುಸ್ತಕವನ್ನೇ ಬರೆದರು. ಚತುರಂಗ ಕೊಟ್ಟ ದೇಶದವರಿಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ. ಗಜ, ತುರಗ, ರಥ, ಪದಾತಿಗಳನ್ನು ಬೆರಳಿನುದ್ದಕ್ಕೆ ಇಳಿಸಿದವರು ನಾವೇ. ಇಂದು ಆ ಆಟದ ಸೈನಿಕರ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್. ಬಣ್ಣ ಹಚ್ಚುವವರಲ್ಲಿ ಬಹಳ ಮಂದಿ ನಡುವಯಸ್ಸು ದಾಟಿದವರು. ಅವರು ಕಂಡುಕೊಂಡ ಉಪಾಯ ಚೆನ್ನಾಗಿದೆ. ನೀರಾದ ಗಾಢ ಬಣ್ಣವನ್ನು ಬೊಂಬೆಯ ಮೇಲೆ ಹರಿಯಬಿಡುತ್ತಾರೆ, ಅದು ತಾನೇ ಹೋಗಿ ತಗ್ಗುಗಳಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ, ಬಣ್ಣವೆಲ್ಲ ಒರೆಸಿದ ಒಣ ಕುಂಚವನ್ನು ಮೇಲೆ ಮೇಲೆ ಸವರಿದರೆ ಉಬ್ಬುಗಳಿಗಷ್ಟೇ ತಿಳಿಬಣ್ಣ ಹತ್ತುತ್ತದೆ. ಕಣ್ಣಿಗೆ ಕಾಣದ ನೆರಳನ್ನು ಆಕಾರವೇ ಬಿಡಿಸಿಕೊಂಡಿತು! ಇಷ್ಟಾದರೂ ಸಾಲದೆ ಹೋದಾಗ ಕೆಲವರು ಸೈನಿಕರನ್ನು ಕಿರಿಯರಿಗೆ ಬಿಟ್ಟು ಅವರು ನಿಲ್ಲುವ ಗುಡ್ಡ, ಕೋಟೆ, ಮರಗಳನ್ನು ಮಾಡುವತ್ತ ಹೊರಳುತ್ತಾರೆ.

ಗುಡಿಗಾರರ ಕಸುಬಿನೊಳಗೂ ಇಂಥದೇ ಒಂದು ಏಣಿ ಇದೆ. ಶ್ರೀಗಂಧದ ಕುಸುರಿ ಒಂದು ತುದಿಯಾದರೆ, ಬೆಂಡಿನ ಬಾಸಿಂಗ, ಹೂದಂಡೆ, ಹಗುರ ಮರದಲ್ಲಿ ಕೊರೆದು ಬೇಗಡೆ ಹಚ್ಚುವ ಯಕ್ಷಗಾನದ ಆಭರಣ, ಮಣ್ಣಿನ ಗಣಪತಿ ಇನ್ನೊಂದು ತುದಿ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಮೇಳಗಳಿರುವ ನಾಡಿನಲ್ಲಿ ಕಿರೀಟ, ಭುಜಕೀರ್ತಿಗಳಿಗೆ ಬೇಡಿಕೆ ಸಹಜ. ಅವುಗಳ ವಿನ್ಯಾಸ ರಂಗದ ದೂರದಿಂದ ನೋಡುವಂಥದು. ಚಾಳೀಸಿನ ಕಣ್ಣಿಗೂ ನಿಲುಕುವಂಥದು.

ಮಳೆಗಾಲದ ಕತ್ತಲು

ಗಾಜಿನಷ್ಟೇ ಮುಖ್ಯವಾದದ್ದು ಬೆಳಕು. ಇಪ್ಪತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ. ವಯಸ್ಸಿನೊಂದಿಗೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಮೊಮ್ಮಗನಿಗೆ ಧಾರಾಳವೆನಿಸುವ ದೀಪ ಅಜ್ಜನಿಗೆ ಮುಸ್ಸಂಜೆ.

ಕರಾವಳಿಯ ಕಷ್ಟವೆಂದರೆ, ಗಣಪತಿ ಮಾಡುವ ಕಾಲವೂ ಕತ್ತಲಿನ ಕಾಲವೂ ಒಂದೇ. ಅನೇಕ ಮನೆಗಳವರು ವಾಡಿಕೆಯಂತೆ ತಮ್ಮ ಮಣೆಯನ್ನು ಮೊದಲೇ ತಂದು ಗುಡಿಗಾರರಲ್ಲಿ ಇಟ್ಟು ಹೋಗುತ್ತಾರೆ. ಆಷಾಢ, ಶ್ರಾವಣಗಳಲ್ಲಿ ಹೊರಗೆ ಜಡಿಮಳೆ; ಮಣ್ಣು ಒಣಗದು, ಮಧ್ಯಾಹ್ನವೂ ಸಂಜೆಯಂತಿರುತ್ತದೆ, ಕರೆಂಟು ಹೋದರೆ ಬರುವ ಖಾತ್ರಿಯಿಲ್ಲ. ಚೌತಿಗೆ ನಾಲ್ಕು ದಿನವಿರುವಾಗ ಬಣ್ಣದ ಕೆಲಸದ ಗಡಿಬಿಡಿ. ಅದರಲ್ಲೂ ಅತಿ ಸೂಕ್ಷ್ಮವಾದದ್ದು, ಕೊನೆಗೆ ಉಳಿಯುವುದು ಮೂರ್ತಿಯ ಕಣ್ಣು ಬರೆಯುವುದು. ಹುಬ್ಬಿನ ಗೆರೆ ಒಂದು ಕೂದಲಿನಷ್ಟು ಸರಿದರೂ ಮುಖವೇ ಬೇರೆ. ಹೀಗಾಗಿ ಆ ಕೆಲಸ ಹಿರಿಯರ ಪಾಲಿಗೇ ಬರುತ್ತದೆ. ಮನೆಯಲ್ಲೆಲ್ಲ ಹತ್ತಿರದ ನೋಟ ಅತಿ ಕಡಿಮೆ ಇರುವವರ ಪಾಲಿಗೆ.

ದೀಪ ಎಲ್ಲಿರಬೇಕೆಂಬುದಕ್ಕೆ ಭೌತಶಾಸ್ತ್ರ ನೇರವಾದ ಉತ್ತರ ಕೊಡುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಮಾಡಿನ ದೀಪಕ್ಕೆ ಹೆಚ್ಚು ವ್ಯಾಟಿನ ಬಲ್ಬು ಹಾಕುವುದಕ್ಕಿಂತ ಕೈದೀಪವನ್ನು 60 ಸೆಂಟಿಮೀಟರಿನಿಂದ 30ಕ್ಕೆ ತರುವುದು ಅಗ್ಗ. ಪ್ರಖರ ಬೆಳಕಿನಲ್ಲಿ ಪಾಪೆ ಇನ್ನಷ್ಟು ಕಿರಿದಾಗಿ, ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡಿ, ಸ್ಪಷ್ಟತೆಯ ಆಳವೂ ಹೆಚ್ಚುತ್ತದೆ. ಅಜ್ಜ ಮದುವೆಯ ಕಾಗದವನ್ನು ಅಂಗಳದ ಬಿಸಿಲಿಗೆ ಒಯ್ದು ಕನ್ನಡಕವಿಲ್ಲದೆ ಓದಿಬಿಡುವುದರ ಗುಟ್ಟು ಇದೇ. ಇನ್ನು ದಿಕ್ಕು. ನೆತ್ತಿಯ ಮೇಲಿನ ಬೆಳಕು ಉಬ್ಬುತಗ್ಗುಗಳನ್ನು ಒಂದೇ ಮಾಡಿಬಿಡುತ್ತದೆ. ಓರೆಯಾಗಿ ಪಕ್ಕದಿಂದ ಬಂದ ಬೆಳಕಿನಲ್ಲಿ ಕೂದಲೆಳೆಯ ಗೀರಿಗೂ ನೆರಳು ಬೀಳುತ್ತದೆ. ಬಲಗೈಯವರಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ. ದೇವಸ್ಥಾನದ ಉಬ್ಬುಶಿಲ್ಪವನ್ನು ನಡುಹಗಲಿನಲ್ಲೂ ಇಳಿಹೊತ್ತಿನಲ್ಲೂ ನೋಡಿದ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಮಸೂರ ಹಳದಿಗಟ್ಟುವುದರಿಂದ ಬಣ್ಣಗಳೂ ಮೋಸ ಮಾಡುತ್ತವೆ. ಹಳದಿ ಗಾಜಿನ ಮೂಲಕ ನೋಡಿದಂತೆ ನೀಲಿ ಮಂಕಾಗುತ್ತದೆ. ಕಡುನೀಲಿಗೂ ಕಪ್ಪಿಗೂ, ಬಿಳಿಗೂ ತಿಳಿಹಳದಿಗೂ ವ್ಯತ್ಯಾಸ ಸಿಗದು. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಗೆ 1912ರಲ್ಲಿ ಕಣ್ಣಿನ ಪೊರೆ ಇರುವುದು ಗೊತ್ತಾಯಿತು. ಮುಂದಿನ ವರ್ಷಗಳ ಅವನ ಚಿತ್ರಗಳಲ್ಲಿ ಕೆಂಪು, ಕಂದುಗಳು ಏರುತ್ತ ಹೋದವು. 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನೀಲಿ ಮರಳಿತು. ಬಣ್ಣದ ಬಟ್ಟಲುಗಳಿಗೆ ಹೆಸರು ಬರೆದಿಟ್ಟು, ಅವುಗಳ ಜಾಗ ಬದಲಿಸದಿರುವುದು ಇದಕ್ಕೆ ತೀರ ಸರಳವಾದ ಮದ್ದು.

ಬೆರಳಿಗೂ ಕಣ್ಣುಂಟು

ಒಳ್ಳೆಯ ಕಣ್ಣು 25 ಸೆಂಟಿಮೀಟರ್ ದೂರದಲ್ಲಿ ಬೇರೆ ಬೇರೆಯಾಗಿ ಗುರುತಿಸಬಲ್ಲ ಎರಡು ಚುಕ್ಕೆಗಳ ನಡುವಿನ ಕನಿಷ್ಠ ಅಂತರ ಸುಮಾರು 0.07 ಮಿಲಿಮೀಟರ್. ಬೆರಳು? ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆರಳನ್ನು ಸವರಿಸಿ ನೋಡಿದ ಜನ ಸುಮಾರು 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿದ್ದ ಮೇಲ್ಮೈಗೂ ನಯವಾದ ಮೇಲ್ಮೈಗೂ ಭೇದ ಹೇಳಿದರು. ಅಂದರೆ ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲಿಗಿಂತ ತುಸುವೇ ಹೆಚ್ಚು! ಕೆತ್ತನೆಗಾರ ಆಗಾಗ ಉಳಿ ನಿಲ್ಲಿಸಿ ಹೆಬ್ಬೆರಳಿನಿಂದ ತುಂಡನ್ನು ಸವರುವುದು ಧೂಳು ಒರೆಸಲಿಕ್ಕೆ ಮಾತ್ರವಲ್ಲ. ಉಳಿದ ಉಬ್ಬು ಎಲ್ಲಿದೆ, ಎಳೆ ಯಾವ ಕಡೆಗೆ ಏಳುತ್ತಿದೆ ಎಂಬುದು ಅವನಿಗೆ ಅಲ್ಲಿಂದಲೇ ತಿಳಿಯುತ್ತದೆ. ಉಳಿಯ ಹಿಡಿಯಿಂದ ಅಂಗೈಗೆ ಬರುವ ಅದುರು, ಕತ್ತರಿಸುವಾಗಿನ ಸದ್ದು ಕೂಡ ಮಾಹಿತಿಯೇ. ಮೊಂಡಾದ ಉಳಿ ಸದ್ದಿನಲ್ಲೇ ಸಿಕ್ಕಿಬೀಳುತ್ತದೆ.

ಆದರೂ ಬೆರಳು ತಪ್ಪನ್ನು ತಿಳಿಸುವುದು ತಪ್ಪಾದ ಮೇಲೆ. ತಪ್ಪಾಗುವ ಮೊದಲು ತಿಳಿಸುವುದು ಕಣ್ಣು. ಶ್ರೀಗಂಧದಲ್ಲಿ ತಪ್ಪಿಗೆ ಬೆಲೆ ಹೆಚ್ಚು. ಮರದ ಚೇಗು ಬಲಿಯಲು ದಶಕಗಳು ಬೇಕು. ಬೆಳೆದ ಜಮೀನು ಯಾರದೇ ಆಗಿದ್ದರೂ ಗಂಧದ ಮರ ಸರ್ಕಾರದ್ದು ಎಂಬ ಕರ್ನಾಟಕದ ಕಾನೂನು ಬದಲಾದದ್ದು 2001ರಲ್ಲಿ. ಅದಾದ ಮೇಲೂ ಕುಶಲಕರ್ಮಿಗೆ ಮರ ಸುಲಭವಾಗಿಲ್ಲ. ದಂತದ ದಾರಿ ಮೊದಲೇ ಮುಚ್ಚಿತ್ತು: ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕಾದಿಂದ ತರಿಸಿದ ದಂತದ್ದು 1991ರಲ್ಲಿ ನಿಷೇಧವಾಯಿತು. ಅದು ಸರಿಯಾದ ಕ್ರಮವೇ. ಈಗ ಶಿವನಿ, ತೇಗಗಳಲ್ಲಿ ಕೆತ್ತನೆ ನಡೆಯುತ್ತದೆ. ಆದರೆ ಗಂಧದಷ್ಟು ಒತ್ತಾದ, ಎಣ್ಣೆಯ ನುಣುಪಿನ ಎಳೆ ಅವುಗಳಿಗಿಲ್ಲ. ಕೂದಲೆಳೆಯ ವಿವರ ಬಿಡಿಸಹೋದರೆ ಸಿಬಿರು ಏಳುತ್ತದೆ. ಸಿಕ್ಕ ಒಂದು ಗಂಧದ ತುಂಡಿನ ಮೇಲೆ ಉಳಿ ಜಾರಿದರೆ ತಿಂಗಳ ಸಂಪಾದನೆ ಹೋದಂತೆ. ಹೆದರಿದ ಹಿರಿಯ ಸೂಕ್ಷ್ಮ ಕೆಲಸ ಬಿಡುತ್ತಾನೆ. ಅವನ ಪಕ್ಕ ಕುಳಿತು ಕಲಿಯಬೇಕಾದವನಿಗೆ ಆ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ಕನ್ನಡಕದಿಂದ ದುಡಿಮೆಗೆ ಎಷ್ಟು ವ್ಯತ್ಯಾಸವಾದೀತು? ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ, ನಲವತ್ತು ದಾಟಿದ 751 ಮಂದಿಯ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಹತ್ತಿರದ ನೋಟದ ಕನ್ನಡಕವನ್ನು ಮೊದಲೇ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಸಿಕ್ಕವರು ಕಿತ್ತ ಎಲೆಯ ಪ್ರಮಾಣದಲ್ಲಿ ಆದ ಏರಿಕೆ ಉಳಿದವರಿಗಿಂತ ಶೇಕಡಾ 21.7ರಷ್ಟು ಹೆಚ್ಚು. ಬಾಂಗ್ಲಾದೇಶದಲ್ಲಿ 35 ರಿಂದ 65 ವಯಸ್ಸಿನ 824 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕನ್ನಡಕ ಪಡೆದವರ ಆದಾಯ ಉಳಿದವರಿಗಿಂತ ಶೇಕಡಾ 33ರಷ್ಟು ಹೆಚ್ಚಾಗಿತ್ತು. ಅವರಲ್ಲಿ ದರ್ಜಿಗಳು, ಕುಶಲಕರ್ಮಿಗಳು ಇದ್ದರು. ಚಹಾ ಎಲೆಗೇ ಇಷ್ಟಾದರೆ ಅಕ್ಕಿಕಾಳಿನ ಕಿವಿಗೆ? 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ಉಪಕರಣಕ್ಕಾಗಿ 15,000 ರೂಪಾಯಿವರೆಗೆ ನೆರವು ಗೊತ್ತುಮಾಡಿತು. ಉಪಕರಣವೆಂದರೆ ಉಳಿ, ಗರಗಸ ಎಂದೇ ಎಲ್ಲರ ಎಣಿಕೆ. ಕಣ್ಣಿನ ಮುಂದಿನ ಗಾಜನ್ನೂ ಆ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಮರಳಿ ಬಂದ ಕಣ್ಣು

ಎಲ್ಲವನ್ನೂ ಚಾಳೀಸಿನ ತಲೆಗೆ ಕಟ್ಟುವುದು ಅಪಾಯ. ಅರವತ್ತೈದರ ಅಜ್ಜ ಒಂದು ದಿನ ಕನ್ನಡಕವಿಲ್ಲದೆ ಸಣ್ಣ ಅಕ್ಷರ ಓದತೊಡಗುತ್ತಾರೆ. ಮನೆಯವರಿಗೆ ಸಂಭ್ರಮ, ಅಜ್ಜನ ಕಣ್ಣು ಮರಳಿ ಬಂತು! ವಾಸ್ತವದಲ್ಲಿ ಅದು ಪೊರೆಯ ಮುನ್ಸೂಚನೆ ಇರಬಹುದು. ಮಸೂರದ ನಡುಭಾಗ ಇನ್ನಷ್ಟು ಗಟ್ಟಿಯಾಗಿ ಅದರ ಶಕ್ತಿ ಹೆಚ್ಚಿದ್ದರಿಂದ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಕೆಲವು ಕಾಲದ ಮೇಲೆ ಎರಡೂ ಮಸುಕು. ಪೊರೆಗೆ ಶಸ್ತ್ರಚಿಕಿತ್ಸೆಯಿದೆ, ದೃಷ್ಟಿ ಬಹುಪಾಲು ಮರಳುತ್ತದೆ. ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಅಂಚಿನ ನೋಟ ಕಿರಿದಾಗುವುದು, ನೇರ ಗೆರೆ ಡೊಂಕಾಗಿ ಕಾಣುವುದು, ಒಮ್ಮೆಗೇ ಕಪ್ಪು ಚುಕ್ಕೆಗಳು ತೇಲುವುದು ಚಾಳೀಸಿನ ಲಕ್ಷಣಗಳಲ್ಲ. ಗ್ಲಾಕೋಮಾ ಎಂಬ ರೋಗದಲ್ಲಿ ಹೋದ ನೋಟ ಮರಳುವುದಿಲ್ಲ. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಒಂದು ಅಳತೆಪಟ್ಟಿ, ಸಣ್ಣಕ್ಷರದ ಒಂದು ಚೀಟಿ ಸಾಕು. ಮನೆಯವರ ಒಂದೊಂದೇ ಕಣ್ಣಿನ ಮುಂದೆ ಚೀಟಿಯನ್ನು ನಿಧಾನವಾಗಿ ಹತ್ತಿರ ತಂದು ಅಕ್ಷರ ಮಸುಕಾಗುವ ದೂರವನ್ನು ಬರೆದಿಡಿ. ತಂಗಿ, ಅಮ್ಮ, ಅಜ್ಜಿ ಮೂವರ ಅಂಕಿಗಳನ್ನು ವಯಸ್ಸಿನೆದುರು ನಕ್ಷೆಯಲ್ಲಿ ಗುರುತಿಸಿದರೆ ಪಾಠದ ರೇಖೆ ತಾನೇ ಮೂಡುತ್ತದೆ. ಆಮೇಲೆ ಇನ್ನೊಂದು ಅಳತೆ, ಹೊಲಿಯುವ, ಹೂ ಕಟ್ಟುವ, ಬಲೆ ಹೆಣೆಯುವ, ಕೆತ್ತುವ ಹಿರಿಯರು ಅಭ್ಯಾಸದಂತೆ ಕುಳಿತಾಗ ಅವರ ಕಣ್ಣಿನಿಂದ ಕೆಲಸಕ್ಕೆ ಎಷ್ಟು ಸೆಂಟಿಮೀಟರ್? ಹಿರಿಯರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವಾಗ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡಿ. ಅರೆಬರೆ ಕೆತ್ತಿದ ತುಂಡೊಂದನ್ನೂ ಜೊತೆಗೆ ಒಯ್ದರೆ ಗಾಜು ಬದಲಿಸಿ ಬದಲಿಸಿ ಅದರ ಮೇಲೆಯೇ ನೋಡಿಸಬಹುದು. ಉಳಿಯನ್ನು ಒಯ್ಯುವುದಿದ್ದರೆ ಮಾತ್ರ ಬಟ್ಟೆಯಲ್ಲಿ ಭದ್ರವಾಗಿ ಸುತ್ತಿರಬೇಕು, ಬಸ್ಸಿನಲ್ಲಿ ನೂಕುನುಗ್ಗಲಿರುತ್ತದೆ.